ತೊಳೆಯಬೇಡಿ ಎಂದವರು ನೀವು, ತೊಳೆಯಲಿಲ್ಲ ಎಂದವರೂ ನೀವೇ

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: 21 ಔನ್ಸಿನ ಸೆಲ್ವೆಜ್ ರಾ ಡೆನಿಮ್ ಜೀನ್ಸ್ ತೊಡೆಸಂದಿನಲ್ಲಿ ಹರಿದಿರುವುದು, ವಾರಂಟಿ ನಿರಾಕರಣೆ ಮತ್ತು ನಿಮ್ಮ ಸೂಚನಾ ಕಾರ್ಡಿನಲ್ಲಿರುವ ತಪ್ಪುಗಳ ಬಗ್ಗೆ ದೂರು

ಮಾನ್ಯರೇ,

ಕಳೆದ ಫೆಬ್ರುವರಿಯಲ್ಲಿ ನಿಮ್ಮ ಜಾಲತಾಣದ ಮೂಲಕ 14,800 ರೂಪಾಯಿ ಕೊಟ್ಟು ಕೊಂಡ ರಾ ಡೆನಿಮ್, ಅಂದರೆ ನೇಯ್ದ ಮೇಲೆ ತೊಳೆಯದ ಬಟ್ಟೆಯ ಜೀನ್ಸ್ ಆಗಸ್ಟಿನಲ್ಲಿ ತೊಡೆಸಂದಿನಲ್ಲಿ ಹರಿಯಿತು. ಇದರ ಬಗ್ಗೆ ನಿಮ್ಮ ವಿಭಾಗ ನನಗೆ ಎರಡು ಉತ್ತರಗಳನ್ನು ಕೊಟ್ಟಿದೆ. ಬಟ್ಟೆ ಸವೆಯುತ್ತಿದೆ ಎಂದು ನಾನು ಮೊದಲು ಬರೆದಾಗ, ಜೂನ್ ತಿಂಗಳಲ್ಲಿ ಬಂದ ಉತ್ತರ: ಆರು ತಿಂಗಳು ತುಂಬುವ ಮುನ್ನವೇ ತೊಳೆದಿರುವುದರಿಂದ ವಾರಂಟಿ ಅನ್ವಯಿಸುವುದಿಲ್ಲ. ಹರಿದ ಮೇಲೆ ಆಗಸ್ಟಿನಲ್ಲಿ ಬಂದ ಉತ್ತರ: ಸಾಕಷ್ಟು ತೊಳೆಯದೆ ಬೆವರು, ಕೊಳೆ ಸೇರಿ ಬಟ್ಟೆ ಸವೆದಿರುವುದರಿಂದ ವಾರಂಟಿ ಅನ್ವಯಿಸುವುದಿಲ್ಲ. ಎರಡರ ಕೆಳಗೂ ಇರುವುದು ನಿಮ್ಮ ವಿಭಾಗದ ಹೆಸರೇ.

ಕಾರಣದ ಮಟ್ಟಿಗೆ ಎರಡನೆಯ ಉತ್ತರ ಸರಿ. ಬಟ್ಟೆಯನ್ನು ಕೊಳೆ ತಿಂದಿದೆ. ಆದರೆ ಆ ಕೊಳೆಯನ್ನು ತೊಳೆಯಕೂಡದು ಎಂಬ ಶರತ್ತು ಹಾಕಿದ್ದು ನಿಮ್ಮ ಸಂಸ್ಥೆ. ಶರತ್ತು ಮೀರಿದರೆ ವಾರಂಟಿ ಇಲ್ಲ ಎಂದು ಅಚ್ಚು ಹಾಕಿಸಿದ್ದೂ ನಿಮ್ಮ ಸಂಸ್ಥೆಯೇ. ನನ್ನ ದೂರಿನ ತಿರುಳು ಇಷ್ಟೇ.

ನಾನು ಮಂಗಳೂರಿನ ಐಟಿಐ ಒಂದರಲ್ಲಿ ಫಿಟ್ಟರ್ ವಿಭಾಗದ ಮಕ್ಕಳಿಗೆ ಕೆಲಸ ಕಲಿಸುತ್ತೇನೆ. ದಿನದ ಬಹುಪಾಲು ವೈಸ್ ಮತ್ತು ಲೇತುಗಳ ನಡುವೆ ನಿಂತು, ಬಗ್ಗಿ, ಕುಕ್ಕರಗಾಲಲ್ಲಿ ಕೂತು ಕಳೆಯುತ್ತದೆ. ಗಟ್ಟಿ ಬಟ್ಟೆ ನನಗೆ ಶೋಕಿಗೆ ಬೇಕಾದದ್ದಲ್ಲ, ಕೆಲಸಕ್ಕೆ ಬೇಕಾದದ್ದು. ನಿಮ್ಮ ಜಾಹೀರಾತಿನಲ್ಲಿ ಈ ಜೀನ್ಸನ್ನು ದುಡಿಯುವವರ ಬಟ್ಟೆ ಎಂದು ಕರೆದಿದ್ದೀರಿ. ಆ ಮಾತನ್ನು ನಂಬಿಯೇ ಇಷ್ಟು ಹಣ ಕೊಟ್ಟೆ.

ಬಟ್ಟೆಯ ಗುಣದ ಬಗ್ಗೆ ನನಗೆ ಎಳ್ಳಷ್ಟೂ ದೂರಿಲ್ಲ. ಸಾಧಾರಣ ಜೀನ್ಸಿನ ಬಟ್ಟೆ ಚದರ ಗಜಕ್ಕೆ 10ರಿಂದ 13 ಔನ್ಸ್ ತೂಗಿದರೆ ಇದು 21 ಔನ್ಸ್, ಅಂದರೆ ಚದರ ಮೀಟರಿಗೆ ಸುಮಾರು 710 ಗ್ರಾಂ. ಲಾಳಿ ಮಗ್ಗದಲ್ಲಿ ನೇಯ್ದದ್ದಾದ್ದರಿಂದ ಹೊಕ್ಕಿನ (ಅಡ್ಡ) ನೂಲು ಅಂಚಿನಲ್ಲಿ ತುಂಡಾಗದೆ ಹಿಂದಿರುಗಿ, ಅಂಚು ತನಗೆ ತಾನೇ ಕಟ್ಟಿಕೊಂಡಿದೆ. ಸೆಲ್ವೆಜ್ ಎಂದರೆ ಈ ಅಂಚೇ. ಕಾಲಿನ ತುದಿ ಮಡಚಿದರೆ ಅದರೊಳಗಿನ ಕೆಂಪು ಎಳೆ ಕಾಣುತ್ತದೆ. ಹಾಸಿನ (ಉದ್ದ) ನೂಲನ್ನು ಹಗ್ಗವಾಗಿ ಸೇರಿಸಿ ನೀಲಿಯ ತೊಟ್ಟಿಯಲ್ಲಿ ಮತ್ತೆ ಮತ್ತೆ ಅದ್ದಿ, ಪ್ರತಿ ಸಲವೂ ಗಾಳಿಗೆ ಹಿಡಿದಾಗ ಬಣ್ಣ ನೂಲಿನ ಹೊರಮೈಯಲ್ಲಷ್ಟೇ ಪದರ ಪದರವಾಗಿ ಕೂರುತ್ತದೆ, ಒಳತಿರುಳು ಬೆಳ್ಳಗೇ ಉಳಿಯುತ್ತದೆ. ಹಾಗಾಗಿ ತೊಟ್ಟವರ ಮೈ ಎಲ್ಲೆಲ್ಲಿ ಉಜ್ಜುತ್ತದೋ ಅಲ್ಲಲ್ಲಿ ಬಿಳಿ ಮೂಡುತ್ತದೆ. ನನ್ನ ಜೀನ್ಸಿನ ಹಿಂದಿನ ಬಲಜೇಬಿನ ಮೇಲೆ ಆರು ಇಂಚಿನ ಉಕ್ಕಿನ ಸ್ಕೇಲಿನ ಗುರುತು ನೇರವಾಗಿ, ಅಂಚು ಸಮೇತ ಮೂಡಿದೆ. ಮಂಡಿಯ ಹಿಂದೆ ಜೇನುಗೂಡಿನಂಥ ಗೆರೆಗಳು ಬಿದ್ದಿವೆ. ಬಟ್ಟೆ ಜಪಾನಿನ ಒಕಾಯಾಮಾದಿಂದ ಬಂದದ್ದು ಎಂದು ನಿಮ್ಮ ಬಿಲ್ಲಿನಲ್ಲಿದೆ. ಅಲ್ಲಿನ ಕೊಜಿಮಾ ಜಪಾನಿ ಜೀನ್ಸಿನ ತವರು. ಅದನ್ನು ನೇಯ್ದ ಕೈಗಳ ಮೇಲೆ ನನಗೆ ಗೌರವವಿದೆ. ತಕರಾರೆಲ್ಲ ಆ ಬಟ್ಟೆ ನಿಮ್ಮ ಕೈಗೆ ಬಂದ ನಂತರದ್ದು.

ಮೊದಲನೆಯದು ಅಳತೆ. ಕೊಳ್ಳುವ ಮುನ್ನ ನಿಮ್ಮ ಚಾಟಿನಲ್ಲಿ ನನ್ನ ಸೊಂಟ 34 ಇಂಚು ಎಂದು ಸ್ಪಷ್ಟವಾಗಿ ಬರೆದಿದ್ದೆ. ರಾ ಡೆನಿಮ್ ಹಿಗ್ಗುತ್ತದೆ, 32 ತೆಗೆದುಕೊಳ್ಳಿ ಎಂದು ನಿಮ್ಮ ಪ್ರತಿನಿಧಿ ಒತ್ತಾಯಿಸಿದರು. ಆ ಮಾತುಕತೆಯ ಪ್ರತಿ ನನ್ನಲ್ಲಿದೆ. ಸೊಂಟಪಟ್ಟಿ ಹಿಗ್ಗುವುದು ನಿಜ. ತೊಡೆಸಂದು ಹಾಗಲ್ಲ. ನಾಲ್ಕು ಹೊಲಿಗೆಗಳು ಬಂದು ಕೂಡುವ ಆ ಜಾಗ ಇಡೀ ಜೀನ್ಸಿನಲ್ಲೇ ಹೆಚ್ಚು ದಪ್ಪ, ಹೆಚ್ಚು ಬಿಗಿ. ಅಲ್ಲಿ ಹಿಗ್ಗಲು ಎಡೆಯಿಲ್ಲದೆ ಎಳೆತವೆಲ್ಲ ಹೊಲಿಗೆಯ ಪಕ್ಕದ ನೂಲಿನ ಮೇಲೆ ಬೀಳುತ್ತದೆ. ನಿಂತು ಫೋಟೊ ತೆಗೆಸಿಕೊಳ್ಳುವವರಿಗೆ ಬಿಗಿ ಜೀನ್ಸ್ ಒಪ್ಪಬಹುದು. ಕುಕ್ಕರಗಾಲಲ್ಲಿ ಕೂರುವವರಿಗೆ ಎರಡು ಅಳತೆ ಕಡಿಮೆ ಕೊಡುವುದು ಸಲ್ಲದು. ನಾನು ಮಾಡುವ ಕೆಲಸ ಏನೆಂದು ಆ ಪ್ರತಿನಿಧಿ ಒಮ್ಮೆಯೂ ಕೇಳಲಿಲ್ಲ.

ಎರಡನೆಯದು, ಪೆಟ್ಟಿಗೆಯೊಳಗೆ ಬಂದ ಕಾರ್ಡ್. ಅದರಲ್ಲಿ ಹೇಳಿರುವುದನ್ನು ಇಲ್ಲಿ ನೆನಪಿಸುತ್ತೇನೆ: ತೊಡುವ ಮೊದಲು ನೆನೆಸಬೇಡಿ, ಆರು ತಿಂಗಳು ತೊಳೆಯಬೇಡಿ, ವಾಸನೆ ಬಂದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಡಿ, ಈ ಸೂಚನೆಗಳನ್ನು ಮೀರಿದರೆ ಒಂದು ವರ್ಷದ ವಾರಂಟಿ ರದ್ದು.

ರಾ ಡೆನಿಮ್ ನೇಯ್ಗೆಯ ನಂತರ ತೊಳೆಯದೆ ಬಿಟ್ಟ ಬಟ್ಟೆ. ಮಗ್ಗದಲ್ಲಿ ಹಾಸು ತುಂಡಾಗದಿರಲೆಂದು ಹಚ್ಚಿದ ಗಂಜಿ ಅದರಲ್ಲಿ ಹಾಗೆಯೇ ಇರುತ್ತದೆ. ಇಷ್ಟು ಭಾರದ ಬಟ್ಟೆಯಲ್ಲಿ ಆ ಗಂಜಿಯ ಬಿರುಸು ಎಷ್ಟೆಂದರೆ, ಮೊದಲ ದಿನ ಜೀನ್ಸ್ ಗೋಡೆಯ ಆಸರೆಯಿಲ್ಲದೆ ನೆಲದ ಮೇಲೆ ನಿಂತಿತ್ತು. ಬಿರುಸು ಬಟ್ಟೆ ಮಡಚಿದಲ್ಲೇ ಮಡಚಿ, ಬಿಚ್ಚಿದಲ್ಲೇ ಬಿಚ್ಚಿ, ಅದೇ ಗೆರೆಯಲ್ಲಿ ನೂಲು ಬಳಲುತ್ತದೆ. ಆದ್ದರಿಂದಲೇ ಬಲ್ಲವರು ಮೊದಲೇ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಮುಕ್ಕಾಲು ಗಂಟೆ ನೆನೆಸಿ, ಹಿಂಡದೆ ನೆರಳಿಗೆ ಹಾಕಿ, ತುಸು ತೇವವಿರುವಾಗಲೇ ತೊಟ್ಟು ಮೈಗೆ ಒಗ್ಗಿಸಿಕೊಳ್ಳುತ್ತಾರೆ. ನಿಮ್ಮ ಕಾರ್ಡ್ ಇದನ್ನು ಬೇಡ ಎನ್ನುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಬಟ್ಟೆಗೆ ಸ್ಯಾನ್‌ಫರೈಸ್ ಮಾಡಲಾಗಿದೆಯೇ, ಅಂದರೆ ಮುಂದೆ ಹೆಚ್ಚು ಕುಗ್ಗದಂತೆ ಮೊದಲೇ ಕುಗ್ಗಿಸಲಾಗಿದೆಯೇ ಇಲ್ಲವೇ ಎಂಬ ಒಂದು ಸಾಲೂ ಅದರಲ್ಲಿಲ್ಲ. ಹಾಗೆ ಮಾಡಿದ ಬಟ್ಟೆ ನೀರಿಗೆ ಬಿದ್ದರೆ ನೂರಕ್ಕೆ ಎರಡು ಮೂರು ಪಾಲು ಕುಗ್ಗಬಹುದು, ಮಾಡದ ಬಟ್ಟೆ ಹತ್ತು ಪಾಲಿನವರೆಗೂ ಕುಗ್ಗಬಹುದು. ಕಾಲಿನ ಉದ್ದ ಎಷ್ಟು ಬಿಟ್ಟು ಮಡಿಸಬೇಕು ಎಂದು ಗ್ರಾಹಕರು ತೀರ್ಮಾನಿಸುವುದೇ ಇದರ ಮೇಲೆ.

ಮಳೆಗಾಲದ ಮಾತಿಗೆ ಬರುತ್ತೇನೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಅದಕ್ಕೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳಲ್ಲಿ ಸುಮ್ಮನೆ ಕೂತರೂ ಬೆವರು ಇಳಿಯುತ್ತದೆ. ಕಾರ್ಯಾಗಾರದಲ್ಲಿ ಅದರ ಜೊತೆಗೆ ಕಬ್ಬಿಣದ ಪುಡಿ, ರಸ್ತೆಯಲ್ಲಿ ಕೆಂಪು ದೂಳು. ಬೆವರು ಒಣಗಿದಾಗ ಉಪ್ಪು ಉಳಿಯುತ್ತದೆ; ಉಪ್ಪು, ದೂಳು ಎರಡೂ ನೂಲಿನ ಸಂದಿಯಲ್ಲಿ ಕೂತು, ಹೆಜ್ಜೆ ಹೆಜ್ಜೆಗೂ ಹತ್ತಿಯ ಎಳೆಗಳನ್ನು ಅರದಂತೆ ತೇಯುತ್ತವೆ. ಇದು ನಡೆಯುತ್ತಿದೆ ಎಂದು ಗೊತ್ತಿದ್ದೂ ವಾರಂಟಿಯ ಶರತ್ತಿಗೆ ಕಟ್ಟುಬಿದ್ದು ನೀರು ತಾಗಿಸದೆ ಇದ್ದೆ. ಜೂನ್ ಹಿಡಿಯಿತು. ಒಂದು ಬೆಳಿಗ್ಗೆ ಜೇಬಿನ ಒಳಬಟ್ಟೆಯಲ್ಲಿ, ಸೊಂಟಪಟ್ಟಿಯ ಒಳಬದಿಯಲ್ಲಿ ಬೂದು ಬಣ್ಣದ ಬೂಷ್ಟು ಹಬ್ಬಿತ್ತು. ಕಪಾಟು ತೆರೆದರೆ ಮುಗ್ಗಲು ವಾಸನೆ. ಬೂಷ್ಟು ಹತ್ತಿಯನ್ನೇ ತಿಂದು ಬೆಳೆಯುತ್ತದೆ. ಬೂಷ್ಟು ಹಿಡಿದ ಬಟ್ಟೆಯನ್ನು ತೊಳೆಯದೆ ಇಡು ಎಂದು ಯಾವ ಬುದ್ಧಿವಂತರೂ ಹೇಳಲಾರರು.

ಹೇಗೆ ತೊಳೆದೆ ಎಂದು ನಿಮ್ಮ ಜೂನ್ ತಿಂಗಳ ಉತ್ತರದಲ್ಲಿ ಅನುಮಾನಿಸಿದ್ದೀರಿ, ಆದ್ದರಿಂದ ಬರೆಯುತ್ತೇನೆ. ಗುಂಡಿಗಳನ್ನೆಲ್ಲ ಹಾಕಿ, ಒಳಹೊರಗು ತಿರುಗಿಸಿ, ದೊಡ್ಡ ಟಬ್ಬಿನಲ್ಲಿ ತಣ್ಣೀರಿಗೆ ಬ್ಲೀಚ್ ಇಲ್ಲದ ದ್ರವ ಸೋಪು ಸ್ವಲ್ಪ ಬೆರೆಸಿ, ಮಡಿಕೆ ಬೀಳದಂತೆ ಚಪ್ಪಟೆಯಾಗಿ ಮುಳುಗಿಸಿಟ್ಟೆ. ಬ್ರಷ್ ಮುಟ್ಟಿಸಲಿಲ್ಲ, ಕಲ್ಲಿಗೆ ಬಡಿಯಲಿಲ್ಲ, ಮೆಷಿನ್ನಿಗೆ ಹಾಕಲಿಲ್ಲ. ಅಂಗೈಯಿಂದ ಒತ್ತಿ ಒತ್ತಿ ಕೊಳೆ ಬಿಡಿಸಿದೆ. ನೀರು ಮೊದಲು ನೀಲಿಯಾಯಿತು. ನಂತರ ಟಬ್ಬಿನ ತಳದಲ್ಲಿ ಕಂದು ಬಣ್ಣದ ಗಸಿ ನಿಂತಿತು. ಗಸಿಯನ್ನು ಬೆರಳಲ್ಲಿ ತಿಕ್ಕಿದರೆ ಮರಳಿನ ತರಿ ಹತ್ತುತ್ತಿತ್ತು. ಅಷ್ಟು ತರಿ ಅಷ್ಟು ತಿಂಗಳು ಆ ನೂಲುಗಳ ನಡುವೆ ಇತ್ತು. ಒಳಮೈ ಮೇಲಕ್ಕಿದ್ದುದರಿಂದ ತೊಡೆಸಂದಿನ ಹೊಲಿಗೆಯ ಎರಡೂ ಪಕ್ಕದಲ್ಲಿ ಬಟ್ಟೆ ತೆಳುವಾಗಿರುವುದು ಆಗಲೇ ಕಂಡಿತು. ಬೆಳಕಿಗೆ ಹಿಡಿದಾಗ ನೀಲಿ ಹಾಸಿನ ನೂಲು ಅಲ್ಲಲ್ಲಿ ಕಡಿದುಹೋಗಿ, ಬಿಳಿಯ ಹೊಕ್ಕಿನ ಎಳೆಗಳು ಮಾತ್ರ ಅಡ್ಡಡ್ಡ ಉಳಿದಿದ್ದವು. ಅಂದೇ ಫೋಟೊ ತೆಗೆದು ನಿಮಗೆ ಕಳುಹಿಸಿದೆ. ಆಗಲೇ ರಫೂ ಮಾಡಿಸಿದ್ದರೆ ಜೀನ್ಸ್ ಉಳಿಯುತ್ತಿತ್ತು. ನೀವು ವಾರಂಟಿ ರದ್ದು ಎಂದು ಬರೆದು ಕೈತೊಳೆದುಕೊಂಡಿರಿ.

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದಲ್ಲಿ ಬಹುಕಾಲದಿಂದ ದುಡಿಯುವ ನನ್ನ ಚಿಕ್ಕಪ್ಪ ಊರಿಗೆ ಬಂದಾಗ ಇದನ್ನು ತೋರಿಸಿದೆ. ಅವರು ಹರಿದ ಅಂಚನ್ನು ಉಗುರಿನಿಂದ ಕೆದಕಿದರು. ಹತ್ತಿ ಎಳೆಯಾಗಿ ಬರಲಿಲ್ಲ, ಪುಡಿಯಾಗಿ ಉದುರಿತು. "ಇದು ಹರಿದದ್ದಲ್ಲಪ್ಪ, ಸವೆದದ್ದು. ಎಳೆತದಿಂದ ಹರಿದಿದ್ದರೆ ನೂಲು ಉದ್ದಕ್ಕೆ ಕಿತ್ತು ಬರುತ್ತಿತ್ತು" ಎಂದರು. ಒಳಗಿನಿಂದ ಹತ್ತಿಬಟ್ಟೆ ಕೊಟ್ಟು, ಬಣ್ಣ ಹೊಂದುವ ಹತ್ತಿ ನೂಲಿನಲ್ಲಿ ಟ್ವಿಲ್ ಎಂಬ ಈ ನೇಯ್ಗೆಯ ಓರೆಗೆರೆ ಹಿಡಿದು ರಫೂ ಮಾಡಿದರೆ ಇನ್ನೂ ವರ್ಷಗಟ್ಟಲೆ ಬಾಳುತ್ತದೆ ಎಂಬುದು ಅವರ ಅಭಿಪ್ರಾಯ.

ಕಾರ್ಡಿನ ಹಿಂಬದಿಯಲ್ಲಿ, ತೊಳೆಯದಿದ್ದರೆ ಹಾನಿಯಿಲ್ಲ ಎಂದು ವಿದೇಶಿ ಸಂಶೋಧನೆ ತೋರಿಸಿದೆ ಎಂದೂ ಇದೆ. ಅದು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ನಡೆದು 2011ರಲ್ಲಿ ಸುದ್ದಿಯಾದ ಪ್ರಯೋಗವೇ ಆಗಿರಬೇಕು. ಅಲ್ಲಿನ ವಿದ್ಯಾರ್ಥಿಯೊಬ್ಬರು ರಾ ಡೆನಿಮನ್ನು 15 ತಿಂಗಳು ತೊಳೆಯದೆ ತೊಟ್ಟರು. ಆಮೇಲೆ ತೊಳೆದು 13 ದಿನ ತೊಟ್ಟು ನೋಡಿದಾಗಲೂ ಬ್ಯಾಕ್ಟೀರಿಯಾಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇತ್ತು. ಅಲ್ಲಿ ಎಣಿಸಿದ್ದು ಬ್ಯಾಕ್ಟೀರಿಯಾಗಳನ್ನು. ನೂಲು ಎಷ್ಟು ಬಾಳುತ್ತದೆ ಎಂಬ ಪ್ರಶ್ನೆಗೆ ಅದರಿಂದ ಉತ್ತರ ಸಿಗುವುದಿಲ್ಲ. ಮೇಲಾಗಿ ಆ ವಿಶ್ವವಿದ್ಯಾಲಯ ಇರುವುದು ಎಡ್ಮಂಟನ್‌ನಲ್ಲಿ, ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ ಎಷ್ಟೋ ಕೆಳಗಿಳಿಯುವ ಒಣಹವೆಯ ಊರಿನಲ್ಲಿ. ಕರಾವಳಿಯ ಸೆಕೆಯಲ್ಲಿ ದುಡಿಯುವವರಿಗೆ ಅದನ್ನು ತೋರಿಸಿ ತೊಳೆಯಬೇಡಿ ಎನ್ನುವುದು ಅನ್ಯಾಯ.

ಫ್ರೀಜರಿನ ಸಲಹೆಯಂತೂ ಆದಷ್ಟು ಬೇಗ ಆ ಕಾರ್ಡಿನಿಂದ ಹೋಗಬೇಕು. ಮನೆಯ ಫ್ರೀಜರಿನ ತಂಪಿಗೆ ಬ್ಯಾಕ್ಟೀರಿಯಾಗಳೆಲ್ಲ ಸಾಯುವುದಿಲ್ಲ. ಬಹಳಷ್ಟು ಸುಮ್ಮನಿದ್ದು, ಬಟ್ಟೆ ಮೈಗೆ ತಾಗಿ ಬೆಚ್ಚಗಾದೊಡನೆ ಮತ್ತೆ ಹೆಚ್ಚುತ್ತವೆ. ಸತ್ತವೆಂದೇ ಇಟ್ಟುಕೊಳ್ಳೋಣ, ಉಪ್ಪು ಎಲ್ಲಿಗೆ ಹೋಗುತ್ತದೆ? ದೂಳು ಎಲ್ಲಿಗೆ ಹೋಗುತ್ತದೆ? ಅವನ್ನು ಬಟ್ಟೆಯಿಂದ ಹೊರಗೆ ಒಯ್ಯುವುದು ನೀರು ಮಾತ್ರ. ಮೀನು, ತರಕಾರಿ ಇಡುವ ಜಾಗದಲ್ಲಿ ಕೊಳೆ ಬಟ್ಟೆ ಇಡಿ ಎಂದು ಗೃಹಸ್ಥರಿಗೆ ಹೇಳುವುದೂ ಸರಿಯಲ್ಲ.

ತೊಳೆದರೆ ಬಣ್ಣದ ಚಿತ್ತಾರ ಕೆಡುತ್ತದೆ ಎಂಬುದು ನಿಮ್ಮ ಕಾಳಜಿಯಾಗಿದ್ದರೆ, ಅದು ನನ್ನ ಕಾಳಜಿಯೂ ಹೌದು. ತಣ್ಣೀರಿನಲ್ಲಿ ಒಳಹೊರಗು ತಿರುಗಿಸಿ ತೊಳೆದ ನನ್ನ ಜೀನ್ಸಿನಲ್ಲಿ ಸ್ಕೇಲಿನ ಗುರುತು ಅಳಿದಿಲ್ಲ, ಜೇನುಗೂಡು ಅಳಿದಿಲ್ಲ. ಅಳಿದದ್ದು ನಿಮ್ಮ ಸೂಚನೆಯಂತೆ ತೊಳೆಯದೆ ಬಿಟ್ಟ ಜಾಗ.

ಜೀನ್ಸ್ ಎಂಬ ಉಡುಪಿನ ಚರಿತ್ರೆಯನ್ನು ನಿಮ್ಮ ಜಾಲತಾಣ ಹೆಮ್ಮೆಯಿಂದ ಹೇಳುತ್ತದೆ. ಆ ಚರಿತ್ರೆಯ ಆರಂಭದಲ್ಲಿ ಇರುವುದು ಹರಿದ ಪ್ಯಾಂಟಿನ ಗೋಳೇ. ಅಮೆರಿಕದ ನೆವಾಡಾದ ರೀನೊ ಎಂಬ ಊರಿನ ದರ್ಜಿ ಜೇಕಬ್ ಡೇವಿಸ್ ಬಳಿ, ಸೌದೆ ಕಡಿಯುವವನೊಬ್ಬನ ಹೆಂಡತಿ ಬಂದು ಗಂಡನಿಗೆ ಹರಿಯದಂಥ ಪ್ಯಾಂಟು ಬೇಕು ಎಂದಳು. ಡೇವಿಸ್ ಎಳೆತ ಬೀಳುವ ಜಾಗಗಳಿಗೆ ತಾಮ್ರದ ರಿವೆಟ್ ಹೊಡೆದುಕೊಟ್ಟ. 1873ರಲ್ಲಿ ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಜೊತೆಗೂಡಿ ಅದಕ್ಕೆ ಪೇಟೆಂಟ್ ಪಡೆದ. ಹರಿಯುವ ಜಾಗ ಯಾವುದು ಎಂದು ಹುಡುಕಿ ಗಟ್ಟಿ ಮಾಡುವುದು ಈ ಕಸುಬಿನ ಮೊದಲ ಪಾಠ.

ನಿಮ್ಮ ಎರಡನೆಯ ಉತ್ತರದ ಕೊನೆಯಲ್ಲಿ ಮುಂದಿನ ಖರೀದಿಗೆ ನೂರಕ್ಕೆ 20 ರಿಯಾಯಿತಿಯ ಕೂಪನ್ ಕಳುಹಿಸಿದ್ದೀರಿ. ಅದನ್ನು ಒಪ್ಪುವುದಿಲ್ಲ. ನನಗೆ ಹೊಸ ಜೀನ್ಸೂ ಬೇಡ. ಮೈಗೆ ಒಗ್ಗಿದ, ನನ್ನ ಕೆಲಸದ ಗುರುತು ಬಿದ್ದ ಇದೇ ಜೀನ್ಸನ್ನು ನಿಮ್ಮ ಖರ್ಚಿನಲ್ಲಿ ಸರಿಯಾದ ರಫೂಗಾರರಿಂದ ದುರಸ್ತಿ ಮಾಡಿಸಿಕೊಡಿ, ತೊಡೆಸಂದಿಗೆ ಒಳಗಿನಿಂದ ಬಟ್ಟೆ ಕೊಟ್ಟು ಬಲಪಡಿಸಿ. ದುರಸ್ತಿ ನಿಮ್ಮಿಂದ ಆಗದು ಎಂದಾದರೆ ಪೂರ್ತಿ 14,800 ರೂಪಾಯಿ ಹಿಂದಿರುಗಿಸಿ. ಇದರ ಜೊತೆಗೆ ಆ ಕಾರ್ಡನ್ನು ಹಿಂತೆಗೆದುಕೊಂಡು ಹೊಸದಾಗಿ ಅಚ್ಚು ಹಾಕಿಸಿ: ಬಟ್ಟೆ ಎಷ್ಟು ಕುಗ್ಗುತ್ತದೆ, ಮೊದಲು ಹೇಗೆ ನೆನೆಸಬೇಕು, ಬೆವರುವ ಊರಿನಲ್ಲಿ ಹೇಗೆ ತೊಳೆಯಬೇಕು ಎಂಬುದು ಅದರಲ್ಲಿರಲಿ, ತೊಳೆದರೆ ವಾರಂಟಿ ಇಲ್ಲ ಎಂಬ ಸಾಲು ಇಲ್ಲವಾಗಲಿ. ಚೆನ್ನೈ, ಕೊಚ್ಚಿ, ಮುಂಬೈಗಳಿಗೂ ಇದೇ ಪೆಟ್ಟಿಗೆ ಹೋಗುತ್ತಿದೆ. ಅಲ್ಲಿಯೂ ಜನ ನಂಬಿಕೊಂಡು ತೊಳೆಯದೆ ಕೂತಿರುತ್ತಾರೆ.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, ನಂತರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಆ ಕಾಯ್ದೆ ಅವಕಾಶ ಕೊಟ್ಟಿದೆ, ಎರಡು ವರ್ಷಗಳ ಕಾಲಾವಕಾಶವೂ ಇದೆ. ಪರಸ್ಪರ ವಿರುದ್ಧವಾದ ನಿಮ್ಮ ಎರಡು ಉತ್ತರಗಳನ್ನು ಅಕ್ಕಪಕ್ಕ ಇಟ್ಟು ಆಯೋಗದ ಮುಂದೆ ಹಾಜರುಪಡಿಸುವೆ. ಅಲ್ಲಿಯವರೆಗೆ ಹೋಗಬೇಕಾಗುವುದಿಲ್ಲ ಎಂಬ ನಂಬಿಕೆ ನನಗಿದೆ.

ಬಿಲ್ಲು, ಕಾರ್ಡಿನ ಎರಡೂ ಬದಿ, ಚಾಟಿನ ಪ್ರತಿ, ಜೂನ್ ಮತ್ತು ಆಗಸ್ಟಿನ ಫೋಟೊಗಳು, ನಿಮ್ಮ ಎರಡು ಉತ್ತರಗಳು, ಎಲ್ಲವನ್ನೂ ಲಗತ್ತಿಸಿದ್ದೇನೆ. ದುರಸ್ತಿಗೆ ಒಪ್ಪುವುದಾದರೆ ಕೊರಿಯರಿನವರು ಬರುವ ದಿನವನ್ನು ಮುಂಚಿತವಾಗಿ ತಿಳಿಸಿ. ಮಳೆ ಇನ್ನೂ ಬಿಟ್ಟಿಲ್ಲ, ತೊಳೆದ ಜೀನ್ಸ್ ಫ್ಯಾನಿನ ಕೆಳಗೆ ಪೂರ್ತಿ ಒಣಗಲು ಎರಡು ದಿನ ಬೇಕು.

ಇಂತಿ,
ತಮ್ಮ ಗ್ರಾಹಕ
ಮಂಗಳೂರು