ದೊಡ್ಡಮಳ್ತೆಯ ಕಲ್ಲು ಸಮಾಧಿಗಳ ಭೇಟಿ: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರಿಗೆ ನಮಸ್ಕಾರ.

ಬರುವ ಶನಿವಾರ ಆರು ಮತ್ತು ಏಳನೇ ತರಗತಿಯ ಮಕ್ಕಳನ್ನು ಸೋಮವಾರಪೇಟೆ ಹತ್ತಿರದ ದೊಡ್ಡಮಳ್ತೆಗೆ ಕರೆದುಕೊಂಡು ಹೋಗುತ್ತಿದ್ದೇವೆ. ಗೌರಿ ಹಬ್ಬಕ್ಕೆ ಹೊನ್ನಮ್ಮನ ಕೆರೆಗೆ ಬಾಗಿನ ಬಿಡಲು ಹೋದಾಗ ನಿಮ್ಮಲ್ಲಿ ಎಷ್ಟೋ ಜನ ಆ ಊರು ನೋಡಿದ್ದೀರಿ. ಈ ಸಲ ಮಕ್ಕಳು ನೋಡಬೇಕಾಗಿರುವುದು ಅಲ್ಲಿನ ಹಳೇ ಕಲ್ಲು ಸಮಾಧಿಗಳನ್ನು. ಹಿರಿಯರು ಪಾಂಡವರ ಮನೆ, ಮೋರಿಯರ ಮನೆ ಅಂತೆಲ್ಲ ಕರೆಯುವ ಕಲ್ಲುಗಳು ಇವೇ.

ದೊಡ್ಡ ದೊಡ್ಡ ಕಲ್ಲು ಚಪ್ಪಡಿಗಳನ್ನು ನಾಲ್ಕೂ ಕಡೆ ನಿಲ್ಲಿಸಿ, ಮೇಲೆ ಇನ್ನೊಂದು ಚಪ್ಪಡಿ ಮುಚ್ಚಿದರೆ ಒಂದು ಕೋಣೆ ಆಗುತ್ತದೆ. ಕೆಲವದರ ಒಂದು ಚಪ್ಪಡಿಯಲ್ಲಿ ದುಂಡಗಿನ ಕಿಂಡಿ ಕೊರೆದಿರುತ್ತಾರೆ. ದಕ್ಷಿಣ ಭಾರತದಲ್ಲಿ ಇಂಥ ಸಮಾಧಿಗಳನ್ನು ಕಟ್ಟಿದ ಕಾಲ ಸುಮಾರು 3000ದಿಂದ 2000 ವರ್ಷಗಳ ಹಿಂದೆ. ಜನ ಕಬ್ಬಿಣ ಬಳಸಲು ಕಲಿತಿದ್ದ ಕಾಲ ಅದು. ಹಂಪಿ ಕಟ್ಟುವುದಕ್ಕೆ ಸಾವಿರ ವರ್ಷಕ್ಕೂ ಜಾಸ್ತಿ ಮೊದಲು! ಇಂಥ ಬಹಳಷ್ಟು ಸಮಾಧಿಗಳಲ್ಲಿ ಇಡೀ ದೇಹ ಇರುವುದಿಲ್ಲ. ದೇಹ ಕರಗಿದ ಮೇಲೆ ಆರಿಸಿ ತಂದ ಕೆಲವು ಮೂಳೆಗಳು, ಮಡಕೆಗಳು, ಕಬ್ಬಿಣದ ಸಾಮಾನು, ಮಣಿಗಳು ಸಿಗುತ್ತವೆ. ಮಡಕೆಗಳ ಒಳಗೆ ಕಪ್ಪು, ಹೊರಗೆ ಕೆಂಪು. ಒಳಗೆ ಗಾಳಿ ತಾಗದ ಹಾಗೆ ಬಾಯಿ ಕೆಳಗೆ ಮಾಡಿ ಸುಟ್ಟರೆ ಹಾಗಾಗುತ್ತದೆ. ಸತ್ತವರಿಗೆ ಇಷ್ಟು ಕಷ್ಟಪಟ್ಟು ಮನೆ ಕಟ್ಟಿದರಲ್ಲ! ಹಿರಿಯರ ಗುಡಿಯಾದ ಕೈಮಡದಲ್ಲಿ ಕುಲದ ಮೂಲಪುರುಷರಾದ ಕಾರೋಣರಿಗೆ ಎಡೆ ಇಡುವ ನಾಡಿನ ಮಕ್ಕಳಿಗೆ ಆ ಪ್ರೀತಿ ಬೇಗ ಅರ್ಥವಾಗುತ್ತದೆ ಎಂದು ನನಗೆ ನಂಬಿಕೆ.

ಅಲ್ಲಿಗೆ ಹೋದ ಕೂಡಲೇ ಯಾರೂ ಕಿಂಡಿಯೊಳಗೆ ಇಣುಕಬಾರದು ಎಂದು ಹೇಳಿದ್ದೇನೆ. ಮೊದಲು ಸುತ್ತ ನೋಡಬೇಕು. ಈ ಕಲ್ಲು ಎಲ್ಲಿಂದ ಬಂತು, ಹತ್ತಿರದಲ್ಲಿ ಬಂಡೆ ಇದೆಯಾ? ನೀರು ಎಲ್ಲಿ? ಇಲ್ಲಿ ನಿಂತರೆ ಯಾವ ಗದ್ದೆ, ಯಾವ ಬೆಟ್ಟ ಕಾಣುತ್ತದೆ? ಕಿಂಡಿ ಯಾವ ದಿಕ್ಕಿಗಿದೆ? ಒಬ್ಬೊಬ್ಬರೂ ಒಂದು ನಕ್ಷೆ ಬರೆಯಬೇಕು. ಗಂಗಾವತಿ ಕಡೆಯ ಹಿರೇಬೆಣಕಲ್‌ನಲ್ಲಿ ನೂರಾರು ಸಮಾಧಿಗಳಿವೆ. 2021ರಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿತು. ಅಲ್ಲಿ ಕಲ್ಲು ಎಬ್ಬಿಸಿದ ಬಂಡೆಯೂ, ನೀರು ನಿಲ್ಲುವ ಹೊಂಡವೂ ಸಮಾಧಿಗಳ ಪಕ್ಕದಲ್ಲೇ ಇವೆ. ಸಮಾಧಿಯನ್ನು ಮಾತ್ರ ನೋಡಿ, ಸುತ್ತಲಿನ ನೆಲ ಬಿಟ್ಟರೆ ಅರ್ಧ ಕಥೆ ಕೈಬಿಟ್ಟ ಹಾಗೆ. ಕಲ್ಲನ್ನು ಒಮ್ಮೆ ಬೇರೆ ಕಡೆ ಎತ್ತಿಟ್ಟರಂತೂ ಆ ಕಥೆ ಇನ್ನು ಯಾರಿಗೂ ಸಿಗುವುದಿಲ್ಲ.

ಅದಕ್ಕೇ ನಿಮ್ಮಲ್ಲಿ ಒಂದು ಬೇಡಿಕೆ. ಇಂಥ ಕಲ್ಲುಗಳು ದೊಡ್ಡಮಳ್ತೆಯಲ್ಲಿ ಮಾತ್ರ ಇರುವುದಲ್ಲ. 1860ರ ದಶಕದಲ್ಲೇ ಬ್ರಿಟಿಷ್ ಅಧಿಕಾರಿಗಳು ವಿರಾಜಪೇಟೆ ಕಡೆ ಹಲವನ್ನು ತೆರೆದು ನೋಡಿದ್ದರು. ಇವತ್ತು ತೋಟಕ್ಕೆ ರಸ್ತೆ ಮಾಡುವಾಗ, ಹೋಂಸ್ಟೇಗೆ ಜಾಗ ಮಟ್ಟ ಮಾಡುವಾಗ ಜೆಸಿಬಿ ಒಂದೇ ಗಳಿಗೆಯಲ್ಲಿ ಎಲ್ಲ ಎಬ್ಬಿಸಿಬಿಡುತ್ತದೆ. ಒಳ್ಳೇ ಚಪ್ಪಡಿ ಅಂತ ತೋಡಿಗೆ ಸೇತುವೆ ಮಾಡುವುದೂ ಉಂಟು. ದಯವಿಟ್ಟು ಬೇಡ. ನಿಮ್ಮ ತೋಟದಲ್ಲಿ ಸಾಲಾಗಿ ನಿಲ್ಲಿಸಿದ ಚಪ್ಪಡಿ, ದುಂಡಗೆ ಜೋಡಿಸಿದ ಕಲ್ಲು, ಹಳೇ ಮಡಕೆ ಕಂಡರೆ ಕೆಲಸ ನಿಲ್ಲಿಸಿ, ಒಂದು ಫೋಟೋ ತೆಗೆದು ಪಂಚಾಯಿತಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ನಮಗೆ ಹೇಳಿದರೂ ಸಾಕು, ನಾವು ತಿಳಿಸುತ್ತೇವೆ. ನಿಧಿ ಇದೆ ಎಂಬ ಮಾತು ನಂಬಬೇಡಿ. ಆ ಆಸೆಗೆ ಎಷ್ಟೋ ಕಡೆ ಅಗೆದು ಹಾಳು ಮಾಡಿದ್ದಾರೆ, ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಕೇಂದ್ರ ಸರ್ಕಾರ ಸಂರಕ್ಷಿಸಿದ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ ಎಂಬುದೂ ಗೊತ್ತಿರಲಿ.

ಕಾಫಿ ಕುಯ್ಲಿನ ಸಮಯ, ಮನೆಯಲ್ಲಿ ಕೆಲಸ ಜಾಸ್ತಿ ಅಂತ ಗೊತ್ತು. ಆದರೂ ಮಕ್ಕಳನ್ನು ಕಳಿಸಿ. ಚಪ್ಪಲಿ ಬೇಡ, ಶೂ ಹಾಕಿಸಿ, ಹುಲ್ಲಿನಲ್ಲಿ ಹಾವು ಇರಬಹುದು. ಬುತ್ತಿ, ನೀರು, ಪೆನ್ಸಿಲ್, ನೋಟ್‌ಬುಕ್ ಇರಲಿ. ಒಪ್ಪಿಗೆ ಚೀಟಿಗೆ ಸಹಿ ಹಾಕಿ ಗುರುವಾರದೊಳಗೆ ಕೊಡಿ. ಚೀಟಿಯ ಹಿಂಬದಿ ಖಾಲಿ ಬಿಟ್ಟಿದ್ದೇವೆ. ನಿಮ್ಮ ಊರಿನಲ್ಲಿ ಇಂಥ ಕಲ್ಲು ಎಲ್ಲಿದೆ ಎಂದು ಮನೆಯ ಅಜ್ಜ, ಅಜ್ಜಿಯನ್ನು ಕೇಳಿ ಮಕ್ಕಳ ಕೈಯಲ್ಲೇ ಅಲ್ಲಿ ಬರೆಸಿ. ಅವರಲ್ಲಿ ಯಾರಾದರೂ ಜೊತೆಗೆ ಬರುವುದಾದರೆ ಮೊದಲೇ ಹೇಳಿ, ಜೀಪಿನಲ್ಲಿ ಮುಂದಿನ ಸೀಟು ಅವರಿಗೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ