ಕಬ್ಬಿನ ಪೆಟ್ರೋಲಿಗೆ ನಾಲೆ ನೀರಿನ ಲೆಕ್ಕ ಹಾಕಿದ್ದೀರಾ?

ಮಾನ್ಯ ಸಂಪಾದಕರೇ,

ಕಬ್ಬು, ಮೆಕ್ಕೆಜೋಳದಂಥವುಗಳಿಂದ ತೆಗೆಯುವ ಎಥನಾಲನ್ನು ಪೆಟ್ರೋಲಿಗೆ ಬೆರೆಸಿದರೆ ದೇಶದ ಡಾಲರ್ ಉಳಿಯುತ್ತದೆ, ರೈತನ ಕೈಗೂ ಕಾಸು ಬರುತ್ತದೆ ಅಂತ ಪೇಪರಿನಲ್ಲಿ, ಟಿ.ವಿ.ಯಲ್ಲಿ, ಮಂತ್ರಿಗಳ ಭಾಷಣದಲ್ಲಿ ಕೇಳುತ್ತಲೇ ಇದ್ದೇವೆ. ಮಂಡ್ಯ ಅಂದಮೇಲೆ ಇದಕ್ಕೆ ಚಪ್ಪಾಳೆ ಸ್ವಲ್ಪ ಜಾಸ್ತಿಯೇ ಬೀಳುತ್ತದೆ. ನಾನೂ ಕಬ್ಬು ಬೆಳೆಯುವವನೇ. ಆದರೆ ಇದರಲ್ಲಿ ನೀರಿನ ಲೆಕ್ಕವನ್ನು ಯಾರೂ ಬಾಯಿ ಬಿಟ್ಟು ಹೇಳುತ್ತಿಲ್ಲ, ಅದಕ್ಕೇ ಈ ಪತ್ರ.

ಎಣ್ಣೆಯ ಮೇಲಿನ ಅವಲಂಬನೆ ಕಡಿಮೆ ಆಗಬೇಕು ಅನ್ನುವುದರಲ್ಲಿ ತಕರಾರಿಲ್ಲ. ನಮಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಹೆಚ್ಚು ಹೊರಗಿನಿಂದಲೇ ಬರುತ್ತದೆ. 1990ರಲ್ಲಿ ಇರಾಕ್ ಕುವೈತ್ ಮೇಲೆ ಬಿದ್ದಾಗ ಎಣ್ಣೆ ದರ ಏರಿ, ಮೊದಲೇ ಖಾಲಿಯಾಗುತ್ತಿದ್ದ ಖಜಾನೆ ಇನ್ನೂ ಬರಿದಾಗಿ, ಮರುವರ್ಷ ದೇಶದ ಚಿನ್ನವನ್ನೇ ಅಡವಿಡಬೇಕಾಯಿತು. ಇವತ್ತಿಗೂ ಅಲ್ಲೆಲ್ಲೋ ಕೊಲ್ಲಿಯಲ್ಲಿ ಬಾಂಬು ಬಿದ್ದರೆ ನಮ್ಮೂರಿನ ಗೊಬ್ಬರದ ಲಾರಿ ಬಾಡಿಗೆ ಏರುತ್ತದೆ. 2018ರ ಜೈವಿಕ ಇಂಧನ ನೀತಿಯಲ್ಲಿ ಶೇ 20 ಎಥನಾಲ್ ಬೆರೆಸುವುದಕ್ಕೆ 2030ರ ಗಡುವು ಇತ್ತು, ಅದನ್ನು 2025ರಲ್ಲೇ ಮುಟ್ಟಿದರು. ಸರ್ಕಾರ ಮನಸ್ಸು ಮಾಡಿದರೆ ಆಗುತ್ತದೆ ಅನ್ನುವುದಕ್ಕೆ ಇದು ಸಾಕ್ಷಿ, ಒಪ್ಪೋಣ.

ಈಗ ನೀರಿಗೆ ಬನ್ನಿ. 2021ರಲ್ಲಿ ನೀತಿ ಆಯೋಗವೇ ಹೊರಡಿಸಿದ ಎಥನಾಲ್ ವರದಿಯಲ್ಲಿ, ಒಂದು ಟನ್ ಕಬ್ಬಿನಿಂದ ಸುಮಾರು 70 ಲೀಟರ್ ಎಥನಾಲ್ ಬರುತ್ತದೆ, ಒಂದು ಲೀಟರ್ ಎಥನಾಲಿಗೆ ಸುಮಾರು 2,860 ಲೀಟರ್ ನೀರು ಬೇಕು ಅಂತ ಇದೆ. ಲೀಟರ್ ಲೆಕ್ಕ ನಮ್ಮ ಜಿಲ್ಲೆಯವರಿಗೆ ತಲೆಗೆ ಹತ್ತುವುದಿಲ್ಲ, ಟಿಎಂಸಿಯಲ್ಲಿ ಹೇಳಬೇಕು. ಒಂದು ಟಿಎಂಸಿ ಅಂದರೆ ಸುಮಾರು 2,830 ಕೋಟಿ ಲೀಟರ್. ಭಾಗಿಸಿ ನೋಡಿ, ಒಂದು ಟಿಎಂಸಿ ನೀರಿಗೆ ಒಂದು ಕೋಟಿ ಲೀಟರ್ ಎಥನಾಲ್. ದೇಶಕ್ಕೆ ಶೇ 20 ಬೆರೆಸಲು ವರ್ಷಕ್ಕೆ ಬೇಕಾಗಿರುವುದು ಸುಮಾರು ಸಾವಿರ ಕೋಟಿ ಲೀಟರ್. ಅಷ್ಟನ್ನೂ ಕಬ್ಬಿನಿಂದಲೇ ತೆಗೆಯುತ್ತೇವೆ ಅಂದರೆ ಸಾವಿರ ಟಿಎಂಸಿ ಬೇಕು. ಕಾವೇರಿ ನ್ಯಾಯಮಂಡಳಿ ಇಡೀ ಕಾವೇರಿ ಕೊಳ್ಳದ ನೀರು ಅಂತ ಲೆಕ್ಕ ಹಿಡಿದಿದ್ದೇ 740 ಟಿಎಂಸಿ! ಕಬ್ಬು ಕುಡಿಯುವ ನೀರಲ್ಲಿ ಮಳೆಯದ್ದೂ ಸೇರಿದೆ, ಎಥನಾಲ್ ಮೆಕ್ಕೆಜೋಳ, ಅಕ್ಕಿಯಿಂದಲೂ ಬರುತ್ತದೆ, ನಿಜ. ಆದರೂ 2018ರಲ್ಲಿ ಸುಪ್ರೀಂ ಕೋರ್ಟ್ ನಮಗೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿಎಂಸಿಯನ್ನು ನೆನೆಸಿಕೊಳ್ಳಿ, ಅದಕ್ಕಾಗಿ ಎಷ್ಟು ವರ್ಷ ಹೊಡೆದಾಡಿದೆವು. ಅಷ್ಟನ್ನೂ ಕಬ್ಬಿಗೆ ಬಿಟ್ಟು ಎಥನಾಲ್ ಮಾಡಿದರೆ ದೇಶದ ಅಗತ್ಯದಲ್ಲಿ ನೂರಕ್ಕೆ ಒಂದೂವರೆ ಭಾಗ ಸಿಕ್ಕೀತು. 2023ರಲ್ಲಿ ಕೆಆರ್‌ಎಸ್ ತುಂಬಲಿಲ್ಲ, ಮಂಡ್ಯ ಬಂದ್ ಮಾಡಿದೆವು, ಹೆದ್ದಾರಿಯಲ್ಲಿ ಕೂತೆವು. ಅಂಥ ನೀರು ಇದು.

ಹಾಗಂತ ಎಥನಾಲ್ ಬೇಡವೇ ಬೇಡ ಅಂತಲ್ಲ. ಸಕ್ಕರೆ ದರ ಬಿದ್ದಾಗ ಕಾರ್ಖಾನೆಗಳು ಕಬ್ಬಿನ ಬಾಕಿ ತಿಂಗಳಾನುಗಟ್ಟಲೆ ಉಳಿಸಿಕೊಳ್ಳುತ್ತಿದ್ದ ಕಾಲ ನಮಗೆ ಗೊತ್ತು. ಎಥನಾಲ್ ದುಡ್ಡು ಬೇಗ ಬರುವುದರಿಂದ ಅದು ಎಷ್ಟೋ ಕಡೆ ಸುಧಾರಿಸಿದೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಮಾಡಲಿ, ಯಾರು ಬೇಡ ಅಂದರು? ನೇರ ಕಬ್ಬಿನ ಹಾಲಿನಿಂದಲೇ ಮಾಡುತ್ತೇವೆ, ಅದಕ್ಕೆ ಇನ್ನಷ್ಟು ಕಬ್ಬು ಹಾಕಿ ಅನ್ನುವುದು ಬೇರೆ ವಿಷಯ. ಅದರಲ್ಲೂ ಭರವಸೆ ಇಲ್ಲ. 2023ರ ಡಿಸೆಂಬರಿನಲ್ಲಿ ಸಕ್ಕರೆ ಕಡಿಮೆಯಾದೀತು ಅಂತ ದಿಢೀರನೆ ಕಬ್ಬಿನ ಹಾಲಿನ ಎಥನಾಲಿಗೆ ಕಡಿವಾಣ ಹಾಕಿದರು, ಮರುವರ್ಷ ತೆಗೆದರು. ಕಬ್ಬು ನಾಟಿ ಮಾಡಿ ವರ್ಷ ಕಾಯುವವನು ಯಾವುದನ್ನು ನಂಬಬೇಕು?

ಇನ್ನೊಂದು ಲೆಕ್ಕ, ಇದು ನನ್ನದೇ, ಕೈಲೆಕ್ಕ. ನಮ್ಮ ಕಡೆ ಎಕರೆಗೆ 45 ಟನ್ ಕಬ್ಬು ಅಂತ ಇಟ್ಟುಕೊಳ್ಳಿ. ಮೂರು ಸಾವಿರ ಲೀಟರ್ ಚಿಲ್ಲರೆ ಎಥನಾಲ್. ಅದರಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಡಿಮೆ, ಆದ್ದರಿಂದ ಎರಡು ಸಾವಿರ ಲೀಟರ್ ಪೆಟ್ರೋಲಿಗೆ ಸಮ. ಸ್ಕೂಟರು ಸುಮಾರು ಒಂದು ಲಕ್ಷ ಕಿಲೋಮೀಟರ್ ಓಡಬಹುದು. ಅದೇ ಒಂದು ಎಕರೆಗೆ ಸೋಲಾರ್ ಹಾಕಿದರೆ ಎಷ್ಟು ನೋಡೋಣ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಇದೆ, ಅಂದರೆ ಒಂದು ಮೆಗಾವಾಟಿಗೆ ಆರು ಎಕರೆ ಚಿಲ್ಲರೆ. ಎಕರೆಗೆ ವರ್ಷಕ್ಕೆ ಏನಿಲ್ಲವೆಂದರೂ ಎರಡು ಲಕ್ಷ ಯೂನಿಟ್. ಎಲೆಕ್ಟ್ರಿಕ್ ಸ್ಕೂಟರು ಯೂನಿಟ್ಟಿಗೆ 30 ಕಿಲೋಮೀಟರ್ ಓಡುತ್ತದೆ, ಅಲ್ಲಿಗೆ 60 ಲಕ್ಷ ಕಿಲೋಮೀಟರ್. ಲೈನ್ ನಷ್ಟ, ಬ್ಯಾಟರಿ ನಷ್ಟ, ಮೋಡ ಎಲ್ಲ ಸೇರಿಸಿ ಅರ್ಧ ಹೊಡೆದುಹಾಕಿ. ಆಗಲೂ ಕಬ್ಬಿನ ಮೂವತ್ತರಷ್ಟು ಆಯಿತು, ನೀರೋ ಪ್ಯಾನೆಲ್ ತೊಳೆಯುವಷ್ಟು ಮಾತ್ರ.

ಗದ್ದೆಗೆ ಪ್ಯಾನೆಲ್ ಹಾಕಿ ಅಂತ ನಾನು ಹೇಳುತ್ತಿಲ್ಲ, ಊರಿನವರು ನನ್ನನ್ನು ಸುಮ್ನೆ ಬಿಡುವುದಿಲ್ಲ. ನಾಗಮಂಗಲದ ಕಡೆ ಮಳೆ ನಂಬಿದ ಒಣಭೂಮಿ ಬೇಕಾದಷ್ಟಿದೆ. ಕೆಆರ್‌ಎಸ್‌ನಿಂದ ಬರುವ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಮೇಲೂ ನೋಡಬಹುದು. ಗುಜರಾತಿನಲ್ಲಿ 2012ರಲ್ಲೇ ನಾಲೆ ಮೇಲೆ ಒಂದು ಮೆಗಾವಾಟ್ ಹಾಕಿ ತೋರಿಸಿದರು, ಕಬ್ಬಿಣದ ಚೌಕಟ್ಟಿಗೆ ಖರ್ಚು ಜಾಸ್ತಿ ಆಗುತ್ತದೆ ಅನ್ನುವುದೂ ಅಲ್ಲೇ ಗೊತ್ತಾಯಿತು. ಪಾವಗಡದಲ್ಲಿ ಭೂಮಿ ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದರು, ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರು. ಅದು ಒಳ್ಳೆಯದು. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬಾಡಿಗೆ ಬರಲಿಲ್ಲ, ಕೆಲಸವೂ ಹೋಯಿತು. ಇಲ್ಲಿ ಮಾಡುವಾಗ ಅವರನ್ನು ಮೊದಲು ಕೇಳಬೇಕು.

ಸೋಲಾರ್ ಬಂದ ತಕ್ಷಣ ಎಣ್ಣೆ ಹೋಗುತ್ತದೆ ಅನ್ನುವುದೂ ತಪ್ಪು. ಸೋಲಾರ್ ಕಡಿಮೆ ಮಾಡುವುದು ಕಲ್ಲಿದ್ದಲನ್ನು, ಪೆಟ್ರೋಲನ್ನಲ್ಲ. ಗಾಡಿ ಕರೆಂಟಿಗೆ ಬಂದರೆ ಮಾತ್ರ ಎಣ್ಣೆ ಉಳಿಯುತ್ತದೆ. ಅದರಲ್ಲೂ ದೇಶದಲ್ಲಿ ಡೀಸೆಲ್ ಖರ್ಚು ಪೆಟ್ರೋಲಿನ ಎರಡು ಪಟ್ಟಿಗೂ ಜಾಸ್ತಿ, ಎಥನಾಲ್ ಬೆರೆಸುವುದು ಪೆಟ್ರೋಲಿಗೆ. ಲಾರಿ, ಬಸ್ಸು, ಟ್ರ್ಯಾಕ್ಟರಿಗೆ ಏನು ಮಾಡುತ್ತೀರಿ? ರೈಲ್ವೆಯವರು ತಂತಿ ಎಳೆಯುವುದನ್ನು ಬಹುತೇಕ ಮುಗಿಸಿಯೇ ಬಿಟ್ಟರು, ಮೈಸೂರು–ಬೆಂಗಳೂರು ರೈಲು ಕರೆಂಟಿನಲ್ಲೇ ಓಡುತ್ತಿದೆ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಗಣಿಗೆ ಕರೆಂಟ್ ಕಳಿಸಿದ ಜಿಲ್ಲೆ ನಮ್ಮದು, ಇಲ್ಲಿ ಹಳ್ಳಿ ಬಸ್ಸಿಗೆ ಚಾರ್ಜಿಂಗ್ ಜಾಗ ಮಾಡುವುದು ಅಂಥ ದೊಡ್ಡ ಕೆಲಸವಾ?

ಕೊನೆಗೆ ಒಂದು ಕೋರಿಕೆ. ನಮ್ಮ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಎಷ್ಟೋ ಸಲ ಬರುವುದೇ ರಾತ್ರಿ ಹೊತ್ತು, ಕಬ್ಬಿನ ಗದ್ದೆಯಲ್ಲಿ ಚಿರತೆ ಓಡಾಡುವ ಹೊತ್ತು. ಕುಸುಮ್ ಯೋಜನೆಯಲ್ಲಿ ರೈತರ ಫೀಡರಿಗೇ (ಪಂಪ್‌ಸೆಟ್ಟುಗಳಿಗೆ ಕರೆಂಟ್ ತರುವ ಲೈನಿಗೇ) ಸೋಲಾರ್ ಕೊಟ್ಟು ಹಗಲಲ್ಲೇ ಕರೆಂಟ್ ಕೊಡಬಹುದು, ಯೋಜನೆ ಶುರುವಾದದ್ದು 2019ರಲ್ಲೇ. ಮಂಡ್ಯ ಜಿಲ್ಲೆಯ ಯಾವ ಯಾವ ಫೀಡರಿಗೆ ಇದು ಬಂದಿದೆ, ಉಳಿದವಕ್ಕೆ ಯಾವಾಗ ಬರುತ್ತದೆ ಅಂತ ಸರ್ಕಾರ ತಾಲ್ಲೂಕುವಾರು ಪಟ್ಟಿ ಹಾಕಲಿ. ತಮ್ಮ ವರದಿಗಾರರೂ ಇದನ್ನು ಅಧಿಕಾರಿಗಳ ಹತ್ತಿರ ಕೇಳಿ ಪ್ರಕಟಿಸಿದರೆ ಉಪಕಾರವಾಗುತ್ತದೆ.

– ಒಬ್ಬ ಕಬ್ಬು ಬೆಳೆಗಾರ, ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ