ನಮ್ಮ ಚಾರ್ಟ್‌ಗಳು ಇನ್ನು ಮುಂದೆ ತಡವಾಗಿ ಬರುತ್ತವೆ

ಪ್ರಿಯ ಗ್ರಾಹಕರೇ,

ಇಲ್ಲಿಯವರೆಗೆ ನೀವು ಬೆಳಿಗ್ಗೆ ಫೋಟೋ ಕಳಿಸಿದರೆ ಸಂಜೆಯೊಳಗೆ ಕ್ರಾಸ್ ಸ್ಟಿಚ್ ಚಾರ್ಟ್, ಅಂದರೆ ಗುಣಿಸು ಗುರುತಿನ ಕಸೂತಿ ಹೊಲಿಗೆಗೆ ಯಾವ ಚೌಕಕ್ಕೆ ಯಾವ ಬಣ್ಣದ ದಾರ ಎಂದು ತೋರಿಸುವ ನಕ್ಷೆ, ನಿಮ್ಮ ಕೈ ಸೇರುತ್ತಿತ್ತು. ಮುಂದಿನ ತಿಂಗಳಿಂದ ಒಂದು ಚಾರ್ಟಿಗೆ ಎಂಟು ದಿನ ಹಿಡಿಯುತ್ತದೆ. ಬಣ್ಣಗಳೂ 35ನ್ನು ದಾಟುವುದಿಲ್ಲ.

ಅಷ್ಟು ಬೇಗ ಕೊಡಲು ಆಗುತ್ತಿದ್ದುದು, ಸಾಫ್ಟ್‌ವೇರ್ ಮಾಡಿದ್ದನ್ನು ನಾವು ಹಾಗೇ ನಿಮಗೆ ದಾಟಿಸುತ್ತಿದ್ದುದರಿಂದ. ಅದು ಫೋಟೋವನ್ನು ಚೌಕಗಳಾಗಿ ಒಡೆದು, ಒಂದೊಂದು ಚೌಕಕ್ಕೂ ದಾರದ ಪಟ್ಟಿಯಿಂದ ಅತಿ ಹತ್ತಿರದ ಬಣ್ಣ ಆರಿಸುತ್ತದೆ. ಡಿಎಂಸಿ ಎಂಬ ದಾರದ ಕಂಪನಿಯ ಪಟ್ಟಿಯೊಂದರಲ್ಲೇ ಸುಮಾರು 500 ಬಣ್ಣಗಳಿವೆ. ಸಾಫ್ಟ್‌ವೇರ್‌ಗೇನು, ಸಿಕ್ಕಿದ್ದನ್ನೆಲ್ಲ ಬಳಸುತ್ತದೆ. ಒಂದು ಕಂದು ಹೊಲಿಗೆ, ಪಕ್ಕಕ್ಕೆ ಒಂದು ಬೂದು, ಮತ್ತೊಂದು ಗುಲಾಬಿ. ಹೀಗೆ ಚೆಲ್ಲಾಡಿದ ಒಂಟಿ ಹೊಲಿಗೆಗಳನ್ನು ಕಾನ್ಫೆಟಿ ಎನ್ನುತ್ತಾರೆ, ಸಮಾರಂಭಗಳಲ್ಲಿ ಎರಚುವ ಬಣ್ಣದ ಕಾಗದದ ಚೂರುಗಳ ಹೆಸರು. ಹೆಸರು ಸಂಭ್ರಮದ್ದು, ಕೆಲಸ ಶಿಕ್ಷೆಯದ್ದು.

ಇದು ನಮಗೆ ಅರ್ಥವಾದದ್ದು ನಮ್ಮವರೇ ಒಬ್ಬರು ನಮ್ಮದೇ ಚಾರ್ಟ್ ಹೊಲಿಯಲು ಕೂತಾಗ. 140 ಚೌಕ ಅಗಲ, 196 ಚೌಕ ಎತ್ತರ: ಒಟ್ಟು 27,440 ಹೊಲಿಗೆ. 14 ಕೌಂಟ್ ಐಡಾ ಬಟ್ಟೆಯಲ್ಲಿ, ಅಂದರೆ ಇಂಚಿಗೆ 14 ಚೌಕವಿರುವ ಕಸೂತಿ ಬಟ್ಟೆಯಲ್ಲಿ, 10 ಇಂಚಿಗೆ 14 ಇಂಚು. ಬಣ್ಣ 84. ಒಂಬತ್ತೇ ಹೊಲಿಗೆಗಾಗಿ ಎಂಟು ಮೀಟರಿನ ಒಂದು ಲಡಿ ಕೊಳ್ಳಬೇಕಾಯಿತು! ಹಿಂದಿದ್ದ ಖಾಲಿ ಗೋಡೆಗೇ 31 ಬಣ್ಣ. ಕ್ಯಾಮೆರಾ ಮಂದ ಬೆಳಕಿನಲ್ಲಿ ಹುಟ್ಟಿಸಿದ ಕಾಳುಕಾಳನ್ನೂ ಸಾಫ್ಟ್‌ವೇರ್ ನಿಷ್ಠೆಯಿಂದ ಬಿಡಿಸಿತ್ತು. ಪ್ರತಿ ಒಂಟಿ ಹೊಲಿಗೆಗೂ ದಾರದ ತುದಿಯನ್ನು ಹಿಂದೆ ಸಿಕ್ಕಿಸಬೇಕು. ಮೂರನೇ ವಾರಕ್ಕೆ ಬಟ್ಟೆಯ ಬೆನ್ನು ದಪ್ಪವಾಗಿ ಸೂಜಿ ಒಳಹೋಗಲು ಒಪ್ಪದೆ ಮುಷ್ಕರ ಹೂಡಿತು.

ಹಾಗಾದರೆ ಕಡಿಮೆ ಬಳಕೆಯ ಬಣ್ಣಗಳನ್ನು ಸಾಫ್ಟ್‌ವೇರ್‌ನಿಂದಲೇ ತೆಗೆಸಬಹುದಲ್ಲ ಎಂದು ನೀವು ಕೇಳಬಹುದು. ನಾವೂ ಹಾಗೇ ಮಾಡಿ ನೋಡಿದೆವು. ಮೊದಲು ಹೋದದ್ದು ಕಣ್ಣಿನ ಬಿಳಿ ಮಿಂಚು. ಇಡೀ ಚಾರ್ಟಿನಲ್ಲಿ ಅದು ಎರಡೇ ಹೊಲಿಗೆ, ಆದರೆ ಅದಿಲ್ಲದ ಮುಖದಲ್ಲಿ ಜೀವವೇ ಇರಲಿಲ್ಲ. ಯಾವ ಒಂಟಿ ಹೊಲಿಗೆ ಕಸ, ಯಾವುದು ಕಣ್ಣು ಎಂಬುದು ಲೆಕ್ಕಕ್ಕೆ ಸಿಗುವುದಿಲ್ಲ. ಒಬ್ಬರು ಕೂತು ನೋಡಲೇಬೇಕು. ಎಂಟು ದಿನ ಹೋಗುವುದು ಅಲ್ಲಿಗೆ.

ಫೋಟೋದ ಮೂಲ ಫೈಲನ್ನೇ ಕಳಿಸಿ. ಮೆಸೇಜ್ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಕಳಿಸಿದ ಚಿತ್ರ ಕುಗ್ಗಿ, ಅಂಚುಗಳು ಕಲಸಿಹೋಗಿರುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗಾಗದು. ಗುಂಪಿನ ಫೋಟೋಗಳಿಗೆ ನಾವು ಬೇಡ ಎನ್ನುವ ಸಂದರ್ಭ ಹೆಚ್ಚುತ್ತದೆ, ಬೇಸರ ಬೇಡ. ಒಂದು ಮುಖ ಗುರುತು ಸಿಗುವಂತಿರಲು ನಮ್ಮ ಅನುಭವದಲ್ಲಿ 40 ಚೌಕವಾದರೂ ಅಗಲ ಬೇಕು. ಐದು ಮುಖ ಸಾಲಾಗಿ ನಿಂತರೆ ಅವಕ್ಕೇ 200 ಚೌಕ, ಅಂದರೆ 14 ಇಂಚು ಮೀರಿದ ಬಟ್ಟೆ.

ಬಣ್ಣ ಎಷ್ಟಾದರೂ ಸರಿ, ಫೋಟೋದಂತೆಯೇ ಇರಲಿ ಎನ್ನುವವರೂ ನಿಮ್ಮಲ್ಲಿದ್ದೀರಿ. ಹೇಳಿ, ಹಳೆಯ ರೀತಿಯ ಚಾರ್ಟ್ ಈಗಲೂ ಕೊಡುತ್ತೇವೆ. ನಿಮ್ಮ ತಾಳ್ಮೆಗೆ ನಮಸ್ಕಾರ.

ನಮ್ಮಿಂದ ಹಳೆಯ ಚಾರ್ಟ್ ಪಡೆದು ಇನ್ನೂ ಶುರು ಮಾಡದಿದ್ದರೆ ಬರೆಯಿರಿ, ಹಣ ಪಡೆಯದೆ ಹೊಸದಾಗಿ ಮಾಡಿಕೊಡುತ್ತೇವೆ. ಅರ್ಧ ಹೊಲಿದಿದ್ದರೆ ಬಿಚ್ಚಬೇಡಿ. ಇನ್ನು ಮುಂದಿನ ಒಂಟಿ ಹೊಲಿಗೆಗಳನ್ನು ಪಕ್ಕದ ಬಣ್ಣದಲ್ಲೇ ತುಂಬಿಬಿಡಿ, ಕಣ್ಣು ಮತ್ತು ತುಟಿಯ ಹತ್ತಿರ ಮಾತ್ರ ಚಾರ್ಟಿನಲ್ಲಿದ್ದಂತೆಯೇ ಇರಲಿ.

ಇಂತಿ,
ಚಾರ್ಟ್ ತಯಾರಿಸುವ ನಿಮ್ಮ ಬಳಗ